ಪೇತ್ರನು ಪಂಕ್ತಿ ಬಿಟ್ಟು ಎದ್ದ ದಿನ

ಎಲ್ಲರೂ ಬೈಬಲ್ ತೆಗೀರಿ. ಮೊಬೈಲ್‌ನಲ್ಲಿ ಓದೋರು ಓದಿ, ಪರವಾಗಿಲ್ಲ, ಆದ್ರೆ ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ. ಗಲಾತ್ಯದವರಿಗೆ ಬರೆದ ಪತ್ರಿಕೆ, 2ನೇ ಅಧ್ಯಾಯ, 11ರಿಂದ 14ನೇ ವಚನದವರೆಗೆ. ಮೌನವಾಗಿ ಒಂದು ಸಲ ಓದಿಕೊಳ್ಳಿ.

ನಮ್ಮ ಯೂತ್ ಮೀಟಿಂಗ್‌ನ ಪ್ರಶ್ನೆ ಡಬ್ಬಿಯಲ್ಲಿ ಒಂದು ಚೀಟಿ ಬಂದಿತ್ತು. ಹೆಸರು ಬರೆದಿರಲಿಲ್ಲ. ಪ್ರಶ್ನೆ ಇಷ್ಟೇ: "ಬ್ರದರ್, ಎಲ್ಲರೂ ಮಾಡೋ ಹಾಗೆ ಮಾಡಿದ್ರೆ ಸಭೆಯಲ್ಲಿ ಅದಕ್ಕೆ ವಿಧೇಯತೆ ಅಂತಾರೆ. ಎಲ್ಲರೂ ಮಾಡೋದೇ ಅನ್ಯಾಯ ಆಗಿದ್ರೆ? ಆಗ ನಾನು ಸುಮ್ಮನಿದ್ರೆ ಅದು ವಿಶ್ವಾಸನಾ, ಭಯನಾ?"

ಯಾರು ಬರೆದಿದ್ದೀರೋ ಗೊತ್ತಿಲ್ಲ, ದೇವರು ನಿಮ್ಮನ್ನ ಆಶೀರ್ವದಿಸಲಿ. ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ನನ್ನ ಹತ್ತಿರ ಇಲ್ಲ. ಆದ್ರೆ ವಾಕ್ಯದಲ್ಲಿ ಉತ್ತರ ಇದೆ. ಅದು ಒಂದು ಊಟದ ಮನೆಯಲ್ಲಿ ಇದೆ.

ಅಂತಿಯೋಕ್ಯ ಅನ್ನೋದು ಸಿರಿಯದ ದೊಡ್ಡ ಪಟ್ಟಣ. ನಮ್ಮ ಬೆಂಗಳೂರಿನ ಹಾಗೆ ಎಲ್ಲ ಕಡೆಯ ಜನ, ಎಲ್ಲ ಭಾಷೆ. ಯೇಸುವಿನ ಶಿಷ್ಯರಿಗೆ ಮೊದಲ ಸಲ "ಕ್ರೈಸ್ತರು" ಅನ್ನೋ ಹೆಸರು ಬಂದದ್ದು ಅದೇ ಊರಲ್ಲಿ, ಅಪೊಸ್ತಲರ ಕೃತ್ಯಗಳು 11:26. ಆ ಸಭೆಯಲ್ಲಿ ಯೆಹೂದ್ಯರೂ ಅನ್ಯಜನರೂ ಒಟ್ಟಿಗೆ ಕೂತು ಊಟ ಮಾಡ್ತಿದ್ರು. ನಮಗೆ ಇದು ಸಣ್ಣ ವಿಷಯ ಅನ್ಸಬಹುದು. ಆದ್ರೆ ಅವರ ಕಾಲದಲ್ಲಿ ಯಾರ ಜೊತೆ ಊಟ ಮಾಡ್ತೀಯ ಅನ್ನೋದೇ ನೀನು ಯಾರು ಅನ್ನೋದನ್ನ ಹೇಳ್ತಿತ್ತು. ಕರ್ನಾಟಕದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಪಂಕ್ತಿಭೇದ ಅನ್ನೋ ಪದ ನಮ್ಮ ಭಾಷೆಯಲ್ಲೇ ಇದೆ.

ಪೇತ್ರ ಅಲ್ಲಿಗೆ ಬಂದ. ಬಂದವನು ಎಲ್ಲರ ಜೊತೆ ಕೂತು ಊಟ ಮಾಡಿದ. ಆಮೇಲೆ ಯೆರೂಸಲೇಮಿನಿಂದ, ಯಾಕೋಬನ ಕಡೆಯಿಂದ, ಕೆಲವರು ಬಂದ್ರು. ಅವರು ಬಂದ ಮೇಲೆ ಪೇತ್ರ ಸ್ವಲ್ಪ ಸ್ವಲ್ಪವೇ ಹಿಂದೆ ಸರಿದ. ಒಂದು ದಿನ ತಟ್ಟೆ ತಗೊಂಡು ಆ ಕಡೆ ಹೋಗಿ ಕೂತ. ಅವನನ್ನ ನೋಡಿ ಬೇರೆ ಯೆಹೂದ್ಯ ವಿಶ್ವಾಸಿಗಳೂ ಎದ್ರು. ಕೊನೆಗೆ ಬಾರ್ನಬನೂ ಎದ್ದ. ಪೌಲ ಇದನ್ನ ನೋಡಿ ಎಲ್ಲರ ಮುಂದೆ, ಪೇತ್ರನ ಮುಖಕ್ಕೇ, ನೀನು ಮಾಡ್ತಿರೋದು ತಪ್ಪು ಅಂದ.

ಪ್ರಿಯರೇ, ಇಲ್ಲಿ ಮೂರು ವಿಷಯ ಗಮನಿಸಿ.

ಮೊದಲನೇದು, ಪೇತ್ರನ ಉಪದೇಶ ಒಂದು ಅಕ್ಷರವೂ ಬದಲಾಗಿರಲಿಲ್ಲ. ಯೊಪ್ಪದಲ್ಲಿ ಮಾಳಿಗೆಯ ಮೇಲೆ ದರ್ಶನ ಕಂಡವನು ಇವನೇ. ಕೊರ್ನೇಲ್ಯನ ಮನೆಯ ಹೊಸ್ತಿಲು ದಾಟಿ, ಅನ್ಯಜನರ ಮೇಲೆ ಪವಿತ್ರಾತ್ಮ ಇಳಿದು ಬಂದದ್ದನ್ನ ಕಣ್ಣಾರೆ ಕಂಡವನೂ ಇವನೇ. ದೇವರಲ್ಲಿ ಪಕ್ಷಪಾತ ಇಲ್ಲ ಅಂತ ಮೊದಲು ಸಾರಿದ್ದು ಇವನ ಬಾಯಿ. ಆ ದಿನ ಅಂತಿಯೋಕ್ಯದಲ್ಲಿ ಪೇತ್ರನನ್ನ ಪ್ರಸಂಗಪೀಠದಲ್ಲಿ ನಿಲ್ಲಿಸಿದ್ರೆ ಸರಿಯಾಗೇ ಪ್ರಸಂಗ ಮಾಡ್ತಿದ್ದ. ಅವನ ಬಾಯಿ ಅದೇ ಹೇಳ್ತಿತ್ತು, ಅವನ ತಟ್ಟೆ ಬೇರೆ ಹೇಳ್ತಿತ್ತು.

ಎರಡನೇದು, ಪೇತ್ರ ಯಾರನ್ನೂ ಬೈಯಲಿಲ್ಲ. ಯಾರನ್ನೂ ಹೊರಗೆ ಹಾಕಲಿಲ್ಲ. ಸುಮ್ಮನೆ ಜಾಗ ಬದಲಾಯಿಸಿದ. ನೋಡಿ, ಅನ್ಯಾಯ ಅಂದ್ರೆ ಯಾರೋ ಕೂಗಾಡಬೇಕು, ಹೊಡೀಬೇಕು ಅಂತ ನಾವು ಅಂದ್ಕೋತೀವಿ. ಒಳ್ಳೆಯವರ ಮಧ್ಯೆ ಅನ್ಯಾಯ ಸದ್ದಿಲ್ಲದೆ ನಡೆಯುತ್ತೆ. ಬಾರ್ನಬ ಅಂದ್ರೆ ಯಾರು? ಹೊಲ ಮಾರಿ ದುಡ್ಡು ತಂದು ಅಪೊಸ್ತಲರ ಪಾದದ ಹತ್ತಿರ ಇಟ್ಟವನು. ಸೌಲನನ್ನ ಯಾರೂ ನಂಬದೇ ಇದ್ದಾಗ ಕೈ ಹಿಡಿದು ಕರ್ಕೊಂಡು ಬಂದವನು. ಅಂಥವನೂ ಎದ್ದು ಹೋದ. ಯಾಕೆ? ಎಲ್ಲರೂ ಎದ್ರು, ಅದಕ್ಕೆ.

ಮೂರನೇದು, ಪೌಲ ಇದನ್ನ ಶಿಷ್ಟಾಚಾರದ ಲೆಕ್ಕಕ್ಕೆ ಹಾಕಲಿಲ್ಲ. ಸುವಾರ್ತೆಯ ಸತ್ಯಕ್ಕೆ ತಕ್ಕ ಹಾಗೆ ಇವರು ನೆಟ್ಟಗೆ ನಡೀತಿಲ್ಲ ಅಂತ ಕಂಡುಕೊಂಡ. ಅಂದ್ರೆ ಯಾರು ಯಾರ ಪಕ್ಕ ಕೂರ್ತಾರೆ ಅನ್ನೋದು ಸುವಾರ್ತೆಯ ವಿಷಯ. "ಅದೆಲ್ಲ ಸಾಮಾಜಿಕ ವಿಷಯ ಬ್ರದರ್, ನಾವು ಆತ್ಮಿಕ ವಿಷಯ ಮಾತಾಡೋಣ" ಅನ್ನೋರಿಗೆ ಪೌಲ ಗಲಾತ್ಯ ಪತ್ರಿಕೆ ತೆಗೆದು ತೋರಿಸ್ತಾನೆ.

ಈಗ ರೋಮಾಪುರದವರಿಗೆ 12:2ಕ್ಕೆ ಬನ್ನಿ. ಈ ಲೋಕದ ಅಚ್ಚಿಗೆ ಹೊಂದಿಕೊಳ್ಳಬೇಡಿ, ಮನಸ್ಸು ಹೊಸದಾಗಲಿ ಅನ್ನೋ ವಾಕ್ಯ. ನಮ್ಮ ಸಭೆಗಳಲ್ಲಿ ಬೆಳೆದವರು ಇದನ್ನ ಎಷ್ಟು ಸಲ ಕೇಳಿದ್ದೀರಿ! ಒಡವೆ ಹಾಕ್ಬೇಡ, ಸಿನಿಮಾ ನೋಡ್ಬೇಡ, ಟ್ಯಾಟೂ ಬೇಡ, ಹರಿದ ಜೀನ್ಸ್ ಬೇಡ. ನಾನು ಅದನ್ನ ಹಗುರವಾಗಿ ಮಾತಾಡಲ್ಲ. ಹಿರಿಯರು ಒಡವೆ ಬಿಚ್ಚಿದ್ದರಲ್ಲಿ ಒಂದು ನ್ಯಾಯವೂ ಇತ್ತು. ಬಿಳಿ ಸೀರೆ ಉಟ್ಟು ಎಲ್ಲರೂ ಕೂತ್ರೆ ಎಸ್ಟೇಟ್ ಯಜಮಾನಿ ಯಾರು, ಕೂಲಿ ಹೆಂಗಸು ಯಾರು ಅಂತ ಕಾಣಲ್ಲ. ಯಾಕೋಬ 2ನೇ ಅಧ್ಯಾಯದಲ್ಲಿ ಬರೋ ಚಿನ್ನದ ಉಂಗುರದವನೂ ಕೊಳೆಬಟ್ಟೆಯವನೂ ಒಂದೇ ಸಾಲಲ್ಲಿ ಕೂರಬಹುದು.

ಆದ್ರೆ ಒಂದು ಪ್ರಶ್ನೆ ಕೇಳ್ತೀನಿ. ನಮ್ಮ ದೇಶದಲ್ಲಿ "ಈ ಲೋಕದ ಅಚ್ಚು" ಅಂದ್ರೆ ಬರೀ ಒಡವೆನಾ? ಈ ನೆಲದಲ್ಲಿ ಹುಟ್ಟಿದ ಮಗುವನ್ನ ಮೊದಲು ಒತ್ತಿ ಹಾಕೋ ಅಚ್ಚು ಯಾವುದು? ಜಾತಿ. ಅದರ ಪಕ್ಕದಲ್ಲೇ ವರದಕ್ಷಿಣೆ. 1961ರಲ್ಲೇ ಅದಕ್ಕೆ ಕಾನೂನಿನ ನಿಷೇಧ ಬಂತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕತ್ತಿನ ಸರ ಬಿಚ್ಚಿಟ್ಟೆವು, ಹೆಣ್ಣಿನ ಕಡೆಯವರು ಕೊಡೋ ಕಾರಿನ ಕೀ ಮಾತ್ರ ಜೇಬಲ್ಲಿ ಹಾಕ್ಕೊಂಡೆವು. ಕಣ್ಣಿಗೆ ಕಾಣೋ ಲೋಕವನ್ನ ಬಾಗಿಲ ಹೊರಗೆ ನಿಲ್ಲಿಸಿದೆವು. ಕಾಣದ ಲೋಕ ಒಳಗೆ ಬಂದು ಮುಂದಿನ ಸಾಲಲ್ಲಿ ಕೂತಿದೆ.

ನಿಮಗೊಂದು ವಿಷಯ ಹೇಳ್ತೀನಿ, ಹೆಸರು ಹೇಳಲ್ಲ, ನೀವೂ ಹುಡುಕೋಕೆ ಹೋಗ್ಬೇಡಿ. ನನಗೆ ಗೊತ್ತಿರೋ ಒಬ್ಬ ತಮ್ಮ. ದೀಕ್ಷಾಸ್ನಾನ ತಗೊಂಡು ಎಂಟು ವರ್ಷ. ಭಾನುವಾರ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಚೇರ್ ಹಾಕೋನು, ಕೀಬೋರ್ಡ್ ನುಡಿಸೋನು. ಬೇರೊಂದು ಸಭೆಯ ವಿಶ್ವಾಸಿ ಕುಟುಂಬದ ಜೊತೆ ಮದುವೆ ಮಾತು ನಡೀತು. ಎರಡು ಸಲ ಮನೆಗೆ ಬಂದು ಪ್ರಾರ್ಥನೆ ಮಾಡಿದ್ರು. ಮೂರನೇ ಸಲ ಬಂದಾಗ ಒಬ್ಬ ಅಂಕಲ್ ಮೆಲ್ಲಗೆ ಕೇಳಿದ್ರು, "ನಿಮ್ಮದು ಮೂಲ ಯಾವ ಊರು? ತಾತ ಏನ್ ಮಾಡ್ತಿದ್ರು? ಊರಲ್ಲಿ ಮನೆ ಯಾವ ಕಡೆ?" ತಮ್ಮ ಇದ್ದದ್ದು ಇದ್ದ ಹಾಗೆ ಹೇಳಿದ. ಒಂದು ವಾರದ ಮೇಲೆ ಫೋನ್ ಬಂತು. "ಬ್ರದರ್, ನಾವು ಉಪವಾಸ ಇದ್ದು ಪ್ರಾರ್ಥನೆ ಮಾಡಿದ್ವಿ. ಇದು ದೇವರ ಚಿತ್ತ ಅಲ್ಲ ಅಂತ ಕರ್ತನು ತೋರಿಸಿದ್ರು."

ಆ ತಮ್ಮ ನನ್ನ ಹತ್ತಿರ ಬಂದು ಅಳಲಿಲ್ಲ. ಒಂದೇ ಮಾತು ಕೇಳಿದ. "ಪಾಸ್ಟರ್, ನಾನು ನೀರಿನಲ್ಲಿ ಮುಳುಗಿ ಎದ್ದಾಗ ದೇವರಿಗೆ ನನ್ನ ಜಾತಿ ಗೊತ್ತಿತ್ತಾ?"

ಸ್ವಲ್ಪ ಯೋಚನೆ ಮಾಡಿ. "ನಮ್ಮ ಜನ ಏನಂತಾರೋ ಅಂತ ಭಯ" ಅಂದಿದ್ರೆ ಅದು ಸತ್ಯವಾದ ಮಾತಾದ್ರೂ ಆಗ್ತಿತ್ತು. ಜನರ ಭಯಕ್ಕೆ ದೇವರ ಸಹಿ ಹಾಕಿಸಿಬಿಟ್ರು. ದೇವರ ಹೆಸರನ್ನ ವ್ಯರ್ಥವಾಗಿ ಎತ್ತಬಾರದು ಅನ್ನೋ ಆಜ್ಞೆ ಬರೀ ಆಣೆ ಇಡೋದರ ಬಗ್ಗೆ ಅಂತ ನನಗೆ ಅನ್ನಿಸಲ್ಲ.

ಇದಕ್ಕೆ ಇನ್ನೊಂದು ಮುಖ ಇದೆ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಹಿಂದೂಗಳಿಗೆ ಮಾತ್ರ ಆ ಸ್ಥಾನ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದ್ರು. ದಲಿತ ಕ್ರೈಸ್ತರು ಇವತ್ತಿಗೂ ಹೊರಗೇ. ಇದು ಅನ್ಯಾಯ ಅಂತ ಕ್ರೈಸ್ತ ಮುಖಂಡರು ವರ್ಷಗಳಿಂದ ಕೇಳ್ತಾ ಬಂದಿದ್ದಾರೆ. ಅವರ ವಾದ ಏನು? ಧರ್ಮ ಬದಲಾದ್ರೂ ಜಾತಿಯ ನೋವು ಬದಲಾಗಲ್ಲ, ಅಂತ. ಸರಿಯಾದ ಮಾತು. ಆದ್ರೆ ಸಭೆಯ ಒಳಗೆ ಯಾರಾದ್ರೂ ಜಾತಿ ಬಗ್ಗೆ ಮಾತೆತ್ತಿದ್ರೆ ನಾವು ಏನಂತೀವಿ? "ಕ್ರಿಸ್ತನಲ್ಲಿ ನಾವೆಲ್ಲ ಒಂದು, ನಮ್ಮಲ್ಲಿ ಅದೆಲ್ಲ ಇಲ್ಲ." ಸರ್ಕಾರದ ಮುಂದೆ ಇದೆ, ಸಭೆಯ ಒಳಗೆ ಇಲ್ಲ. ಎರಡೂ ಹೇಗೆ ನಿಜ ಆಗುತ್ತೆ? ಹೊರಗಿನವರಿಂದ ಕೇಳೋ ನ್ಯಾಯವನ್ನ ಒಳಗೆ ಕೊಡೋಕೆ ನಾವು ಸಿದ್ಧ ಇರಬೇಕು.

ಈಗ ಇಬ್ಬರ ಬಗ್ಗೆ ಹೇಳ್ತೀನಿ. ಪವಿತ್ರಾತ್ಮನ ಬೆಂಕಿ ಬಗ್ಗೆ ಮಾತಾಡೋ ನಾವು ಇವರನ್ನ ಮರೆಯಬಾರದು.

ಒಬ್ಬರು ಪಂಡಿತಾ ರಮಾಬಾಯಿ. 1858ರಲ್ಲಿ ಹುಟ್ಟಿದ್ದು ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ತುಂಗೆ ಭದ್ರೆ ಹುಟ್ಟೋ ಜಾಗ. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಬಾರದು ಅನ್ನೋ ಕಾಲದಲ್ಲಿ ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ರು, ತಾಯಿ ಮಗಳಿಗೆ ಕಲಿಸಿದ್ರು. 1870ರ ದಶಕದ ಬರಗಾಲದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡ್ರು. ಅಣ್ಣನ ಜೊತೆ ದೇಶವೆಲ್ಲ ನಡೆದು 1878ರಲ್ಲಿ ಕಲ್ಕತ್ತ ಸೇರಿದಾಗ ಅಲ್ಲಿನ ವಿದ್ವಾಂಸರು ಅವರಿಗೆ "ಪಂಡಿತಾ" ಅನ್ನೋ ಬಿರುದು ಕೊಟ್ರು. ಬೇರೆ ಜಾತಿಯ ಬಂಗಾಳಿ ವಕೀಲರನ್ನ ಮದುವೆಯಾದ್ರು. ಎರಡೇ ವರ್ಷದಲ್ಲಿ ವಿಧವೆಯಾದ್ರು, ಕೈಯಲ್ಲಿ ಹಸುಗೂಸು.

1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ದೀಕ್ಷಾಸ್ನಾನ ತಗೊಂಡ್ರು. ಆಗ ಅವರಿಗೆ 25 ವರ್ಷ. ನಿಮ್ಮ ವಯಸ್ಸು. ಅಲ್ಲಿಂದ ಕಥೆ ಸುಲಭ ಆಯ್ತು ಅಂದ್ಕೊಂಡ್ರಾ? ಅಲ್ಲಿನ ಕ್ರೈಸ್ತರು ಪ್ರೀತಿಯಿಂದ ನೋಡಿಕೊಂಡ್ರು, ಆದ್ರೆ ಈಕೆ ತಮ್ಮ ಹಾಗೇ ಆಗಬೇಕು ಅಂತಲೂ ಬಯಸಿದ್ರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ನಮ್ಮ ಸಂಸ್ಕೃತದಲ್ಲಿ ಯಾಕೆ ಇರಬಾರದು ಅಂತ ರಮಾಬಾಯಿ ಕೇಳಿದ್ರು. ಮಾಂಸ ತಿನ್ನದೆ ಇರೋ ತಮ್ಮ ಪದ್ಧತಿ ಬಿಡಲಿಲ್ಲ. ಅವರು ಗಂಡಸರಿಗೆ ಪಾಠ ಹೇಳೋದು ಬೇಡ ಅಂತ ಬಿಷಪ್‌ಗಳು ಆಕ್ಷೇಪ ಎತ್ತಿದಾಗ ಅದನ್ನೂ ಒಪ್ಪಲಿಲ್ಲ. ತಾನು ಕ್ರಿಸ್ತನಿಗೆ ತಲೆಬಾಗಿದ್ದೇನೆ, ತನ್ನ ಮನಸ್ಸಾಕ್ಷಿಯನ್ನ ಮನುಷ್ಯರ ಕೈಗೆ ಕೊಟ್ಟಿಲ್ಲ ಅನ್ನೋದು ಅವರ ನಿಲುವು.

ಆದ್ರೆ ಇದನ್ನೂ ನೋಡಿ. ಅವರು ಬರೀ ವಾದ ಮಾಡ್ತಾ ಕೂರಲಿಲ್ಲ. 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದ್ರು. 1896-97ರ ಬರಗಾಲದಲ್ಲಿ ಹಸಿವಿನಿಂದ ಸಾಯ್ತಿದ್ದ ಹೆಣ್ಣುಮಕ್ಕಳನ್ನ ಕರೆತಂದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದ್ರು. 1905ರಲ್ಲಿ ದೇವರ ಬೆಂಕಿ ಎಲ್ಲಿ ಬಿತ್ತು ಗೊತ್ತಾ? ಅಲ್ಲೇ. ಊರು ಕೈಬಿಟ್ಟ ವಿಧವೆಯರೂ ಅನಾಥ ಹುಡುಗಿಯರೂ ಪ್ರಾರ್ಥನೆ ಮಾಡ್ತಿದ್ದ ಕೋಣೆಯಲ್ಲಿ. ದೇವರು ಬೆಂಕಿ ಸುರಿಸೋಕೆ ಯಾವ ಮನೆ ಆರಿಸಿಕೊಂಡ್ರು ಅನ್ನೋದರಲ್ಲೇ ಒಂದು ಪ್ರಸಂಗ ಇದೆ. ಹಲ್ಲೆಲೂಯ.

ಇನ್ನೊಬ್ಬರು ವಿಲಿಯಂ ಸೀಮೋರ್. ಅಮೆರಿಕದ ಲೂಸಿಯಾನದಲ್ಲಿ 1870ರಲ್ಲಿ ಹುಟ್ಟಿದ ಕಪ್ಪು ಜನಾಂಗದವರು, ತಂದೆ ತಾಯಿ ಗುಲಾಮಗಿರಿ ಕಂಡವರು. ಹ್ಯೂಸ್ಟನ್‌ನಲ್ಲಿ ಬೈಬಲ್ ತರಗತಿಗೆ ಸೇರೋಕೆ ಹೋದಾಗ ಬಿಳಿಯರ ಜೊತೆ ಒಳಗೆ ಕೂರೋ ಹಾಗಿರಲಿಲ್ಲ. ಬಾಗಿಲ ಹೊರಗೆ ಕೂತು ಪಾಠ ಕೇಳಿದ್ರು. ಅದೇ ಸೀಮೋರ್ 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಒಂದು ಹಳೇ ಕಟ್ಟಡದಲ್ಲಿ ಕೂಟ ಶುರು ಮಾಡಿದ್ರು. ಕಪ್ಪು ಜನ, ಬಿಳಿ ಜನ, ಮೆಕ್ಸಿಕನ್ನರು ಒಂದೇ ನೆಲದ ಮೇಲೆ ಮಂಡಿಯೂರಿ ಪ್ರಾರ್ಥಿಸಿದ್ರು. ಬಾಗಿಲ ಹೊರಗೆ ಕೂರಿಸಿಕೊಂಡವನ ಕೂಟದಲ್ಲಿ ಬಾಗಿಲ ಹೊರಗೆ ಅಂತ ಯಾರೂ ಇರಲಿಲ್ಲ.

ಆಮೇಲೆ ಏನಾಯ್ತು? ಲೋಕದ ಅಚ್ಚು ವಾಪಸ್ ಬಂತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಪೆಂತೆಕೊಸ್ತ್ ಸಭೆಗಳು ಬಹುಪಾಲು ಬಣ್ಣದ ಪ್ರಕಾರ ಬೇರೆ ಬೇರೆ ಆದವು. 1948ರಲ್ಲಿ ಪೆಂತೆಕೊಸ್ತ್ ಪಂಗಡಗಳ ಒಕ್ಕೂಟ ಒಂದು ಹುಟ್ಟಿತು, ಅದರಲ್ಲಿ ಬಿಳಿಯರ ಪಂಗಡಗಳು ಮಾತ್ರ. 1994ರಲ್ಲಿ ಮೆಂಫಿಸ್ ನಗರದಲ್ಲಿ ಆ ಒಕ್ಕೂಟವನ್ನ ಮುಚ್ಚಿ, ಎಲ್ಲರೂ ಇರೋ ಹೊಸದನ್ನ ಮಾಡಿದ್ರು. ಅಲ್ಲಿ ಒಬ್ಬ ಬಿಳಿ ಪಾಸ್ಟರ್ ಒಬ್ಬ ಕಪ್ಪು ಬಿಷಪ್ಪರ ಪಾದ ತೊಳೆದ್ರು. 1906ರಿಂದ 1994ಕ್ಕೆ ಎಷ್ಟು? 88 ವರ್ಷ. ಅನ್ಯಭಾಷೆ ಇತ್ತು, ಸ್ವಸ್ಥತೆ ಇತ್ತು, ಉಜ್ಜೀವನ ಇತ್ತು. ಪಂಕ್ತಿ ಮಾತ್ರ ಬೇರೆ ಬೇರೆ ಇತ್ತು. ಅಭಿಷೇಕ ಇದ್ದ ಕಡೆ ನ್ಯಾಯ ತಾನಾಗೇ ಬರುತ್ತೆ ಅಂದ್ಕೋಬೇಡಿ. ಪೇತ್ರನಿಗಿಂತ ಅಭಿಷೇಕ ಹೊಂದಿದವರು ಯಾರಿದ್ದಾರೆ?

ಈಗ ಕೆಲವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಬಂದಿರುತ್ತೆ. "ಹಾಗಾದ್ರೆ ಎಲ್ಲವನ್ನೂ ವಿರೋಧಿಸಬೇಕಾ? ಹಿರಿಯರು ಹೇಳಿದ್ದಕ್ಕೆಲ್ಲ ಎದುರು ನಿಲ್ಲಬೇಕಾ?" ಇಲ್ಲಿ ಜಾಗ್ರತೆ ಬೇಕು. ಎಲ್ಲರ ಹಾಗೆ ಇರೋದು ವಿಶ್ವಾಸ ಆಗಲ್ಲ ಅಂದ್ರೆ, ಎಲ್ಲರಿಗೆ ವಿರುದ್ಧ ಇರೋದೂ ತಾನಾಗೇ ವಿಶ್ವಾಸ ಆಗಲ್ಲ. ಕೆಲವರಿಗೆ ಎದುರು ಮಾತಾಡೋದೇ ಒಂದು ಸ್ಟೈಲ್.

ಪೌಲನನ್ನೇ ನೋಡಿ. ಇದೇ ಪೌಲ ಬೇರೆ ಕಡೆ ಎಷ್ಟು ಹೊಂದಿಕೊಳ್ತಾನೆ! ಅಪೊಸ್ತಲರ ಕೃತ್ಯಗಳು 16:3ರಲ್ಲಿ ಆ ಪ್ರಾಂತ್ಯದ ಯೆಹೂದ್ಯರ ಸಲುವಾಗಿ ತಿಮೊಥೆಗೆ ಸುನ್ನತಿ ಮಾಡಿಸ್ತಾನೆ. ಆದ್ರೆ ಗಲಾತ್ಯ 2:3ರಲ್ಲಿ ತೀತನಿಗೆ ಸುನ್ನತಿ ಬೇಕೇ ಬೇಕು ಅಂತ ಒತ್ತಾಯ ಬಂದಾಗ ಒಂದು ಕ್ಷಣವೂ ಬಗ್ಗಲ್ಲ. ಒಂದೇ ಕೆಲಸ, ಒಂದು ಕಡೆ ಹೌದು, ಒಂದು ಕಡೆ ಇಲ್ಲ. ಪೌಲ ಗೊಂದಲದಲ್ಲಿದ್ದನಾ? ಇಲ್ಲ. ತಿಮೊಥೆ ಹೊಂದಿಕೊಂಡಾಗ ಯಾರ ಸ್ಥಾನವೂ ಹೋಗಲಿಲ್ಲ. ನೋವು ಅನುಭವಿಸಿದ್ದು ತಿಮೊಥೆ, ಬಾಗಿಲು ತೆರೆದದ್ದು ಬೇರೆಯವರಿಗೆ. ತೀತ ಬಗ್ಗಿದ್ರೆ? ಅವನ ಹಿಂದೆ ಇದ್ದ ಎಲ್ಲ ಅನ್ಯಜನ ವಿಶ್ವಾಸಿಗಳೂ ಎರಡನೇ ದರ್ಜೆಯವರಾಗಿ ಬಿಡ್ತಿದ್ರು.

ಹಾಗಾಗಿ ಚೀಟಿ ಬರೆದವರಿಗೆ ನನ್ನ ಉತ್ತರ ಇದು. ಹೊಂದಿಕೊಳ್ಳೋ ಮುಂಚೆ ಒಂದು ಲೆಕ್ಕ ಹಾಕಿ: ಇದರ ಬೆಲೆ ಯಾರು ಕೊಡ್ತಾರೆ? ನನ್ನ ಹಕ್ಕು, ನನ್ನ ಇಷ್ಟ, ನನ್ನ ಸೌಕರ್ಯ ಬಿಟ್ಟುಕೊಟ್ಟು ಇನ್ನೊಬ್ಬರಿಗೆ ಜಾಗ ಮಾಡಿಕೊಟ್ರೆ ಅದು ಪ್ರೀತಿ. ಇನ್ನೊಬ್ಬರ ಜಾಗ ಬಿಟ್ಟುಕೊಟ್ಟು ನನ್ನ ಹೆಸರು ಉಳಿಸಿಕೊಂಡ್ರೆ ಅದು ಭಯ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತೆ. ಎರಡನ್ನೂ ಜನ "ತಗ್ಗಿ ನಡೆಯೋದು" ಅಂತಾನೇ ಕರೀತಾರೆ. ಒಂದರಲ್ಲಿ ತಗ್ಗೋದು ನಾನು. ಇನ್ನೊಂದರಲ್ಲಿ ತಗ್ಗಿಸೋದು ನನ್ನ ತಮ್ಮನನ್ನ. ಪಾಸ್ಟರ್ ನಿಮ್ಮನ್ನ ವರ್ಶಿಪ್ ಟೀಮ್‌ನಲ್ಲಿ ಹಿಂದೆ ನಿಲ್ಲು ಅಂದ್ರೆ ನಿಂತ್ಕೊಳ್ಳಿ, ಏನೂ ಹೋಗಲ್ಲ. ಮನೆಗೆಲಸದ ಅಕ್ಕನಿಗೆ ಬೇರೆ ಲೋಟ ಇಡೋ ಮನೆಯಲ್ಲಿ ಕಾಟೇಜ್ ಪ್ರೇಯರ್ ಆದ್ರೆ, ಅಲ್ಲಿ ಬಾಯಿ ಬಿಡಿ.

ಕೆಲವರು ಹೇಳ್ತಾರೆ, "ನಮ್ಮದು ಕೃಪೆಯ ದೇವರು, ನ್ಯಾಯ ಕೇಳಬಾರದು, ಮತ್ತಾಯ 20ರಲ್ಲಿ ದ್ರಾಕ್ಷಿತೋಟದ ಯಜಮಾನ ಎಲ್ಲರಿಗೂ ಒಂದೇ ಕೂಲಿ ಕೊಟ್ಟನಲ್ಲ." ಆ ಸಾಮ್ಯವನ್ನ ಸರಿಯಾಗಿ ಓದಿ. ಅಲ್ಲಿ ಗೊಣಗಿದವರು ಯಾರು? ಬೆಳಗ್ಗೆ ಬಂದವರು. ಅವರ ದೂರು ಏನು? ಕೊನೆಗೆ ಬಂದವರನ್ನ ನಮಗೆ ಸಮ ಮಾಡಿಬಿಟ್ಟೆ ಅಂತ. ಯಾರಿಗೂ ಒಪ್ಪಿದ್ದಕ್ಕಿಂತ ಒಂದು ಕಾಸು ಕಡಿಮೆ ಸಿಗಲಿಲ್ಲ. ಕೃಪೆ ನ್ಯಾಯಕ್ಕಿಂತ ಹೆಚ್ಚು ಕೊಡುತ್ತೆ, ಕಡಿಮೆ ಕೊಡಲ್ಲ. ಇನ್ನೊಬ್ಬನಿಗೆ ಕಡಿಮೆ ಕೊಟ್ಟು ಅದಕ್ಕೆ ಕೃಪೆ ಅಂತ ಹೆಸರಿಡೋಕೆ ಆಗಲ್ಲ.

ಹಾಗಾದ್ರೆ ಮಾಡೋದು ಏನು? ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಗ್ರೀಕ್ ಮಾತಾಡೋ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗ್ತಿಲ್ಲ ಅಂತ ಗುಣುಗುಟ್ಟಿದ್ರು. ಅಪೊಸ್ತಲರು "ಗುಣುಗುಟ್ಟೋದು ಪಾಪ, ಹೋಗಿ ಪ್ರಾರ್ಥನೆ ಮಾಡಿ" ಅನ್ನಲಿಲ್ಲ. ಏಳು ಜನರನ್ನ ಆರಿಸಿ ಅಂದ್ರು. ಸ್ತೆಫನ, ಫಿಲಿಪ್ಪ, ಪ್ರೊಖೋರ ಅಂತ ಆ ಹೆಸರು ಓದಿ ನೋಡಿ, ಏಳೂ ಗ್ರೀಕ್ ಹೆಸರು. ಯಾರ ಕಡೆಯಿಂದ ದೂರು ಬಂತೋ ಅವರ ಕಡೆಯವರ ಕೈಗೇ ಬಡಿಸೋ ಸೌಟು ಕೊಟ್ರು ಅಂತ ಕಾಣುತ್ತೆ. ಮುಂದಿನ ವಚನದಲ್ಲೇ ಶಿಷ್ಯರ ಸಂಖ್ಯೆ ಹೆಚ್ಚಿತು ಅಂತ ಇದೆ. ನಮ್ಮ ಕಮಿಟಿಗಳಲ್ಲಿ, ಲೀಡರ್‌ಗಳಲ್ಲಿ ಯಾರ ಹೆಸರು ಇದೆ, ಯಾರದು ಇಲ್ಲ ಅಂತ ನಾವೂ ನೋಡ್ಕೋಬೇಕು.

ಮದುವೆ ವಯಸ್ಸಿನವರು ಈ ವಾರ ನಿಮ್ಮ ಬಯೋಡೇಟಾ, ಮ್ಯಾಟ್ರಿಮೊನಿ ಪ್ರೊಫೈಲ್ ತೆಗೆದು ನೋಡಿ. ಜಾತಿ ಕಾಲಂ ತುಂಬಿದ್ದೀರಾ? ಅಳಿಸಿ. ಅಪ್ಪ ಅಮ್ಮ ಬೇಜಾರಾಗ್ತಾರೆ, ನನಗೆ ಗೊತ್ತು. ಅವರ ಹತ್ತಿರ ಗೌರವದಿಂದ ಕೂತು ಮಾತಾಡಿ. ಪೌಲ ಪೇತ್ರನ ಹಿಂದೆ ಮಾತಾಡಲಿಲ್ಲ, ಮುಖ ನೋಡಿ ಮಾತಾಡಿದ. ವಾಟ್ಸ್ಆಪ್ ಸ್ಟೇಟಸ್ ಹಾಕಿ ಚುಚ್ಚೋದು ಪೌಲನ ದಾರಿ ಅಲ್ಲ. ಪೇತ್ರನೂ ಆ ಮಾತನ್ನ ಹಗೆ ಮಾಡಿ ಇಟ್ಕೊಳ್ಳಲಿಲ್ಲ. ಪೇತ್ರನ ಎರಡನೇ ಪತ್ರಿಕೆ 3:15ರಲ್ಲಿ ಪೌಲನನ್ನ ಪ್ರಿಯ ಸಹೋದರ ಅಂತ ಕರೀತಾನೆ. ಎಲ್ಲರ ಮುಂದೆ ತಪ್ಪು ಹೇಳಿಸಿಕೊಂಡವನ ಬಾಯಲ್ಲಿ ಬಂದ ಮಾತು ಅದು. ಹಿರಿಯರೇ, ನೀವೂ ಕೇಳಿಸಿಕೊಳ್ತಿದ್ರೆ, ಆ ಒಂದು ಪದದಲ್ಲಿ ನಿಮಗೂ ಪಾಠ ಇದೆ.

ನಾನು ವಾರವೆಲ್ಲ ಆಫೀಸ್ ಕೆಲಸ ಮಾಡಿ ಭಾನುವಾರ ನಿಮ್ಮ ಮುಂದೆ ನಿಲ್ಲೋ ಸಾಮಾನ್ಯ ಸೇವಕ. ಆದ್ರೂ ಒಂದು ಮಾತು ಕೊಡ್ತೀನಿ. ವಿಶ್ವಾಸಿ ಹುಡುಗ, ವಿಶ್ವಾಸಿ ಹುಡುಗಿ, ಇಬ್ಬರಿಗೂ ಒಪ್ಪಿಗೆ ಇದ್ದು, ಜಾತಿ ಒಂದೇ ಕಾರಣಕ್ಕೆ ಯಾರೂ ಮುಂದೆ ಬರದೇ ಇದ್ರೆ, ನನಗೆ ಹೇಳಿ. ನಾನು ಬಂದು ಎರಡೂ ಮನೆಯಲ್ಲಿ ಕೂತು ಮಾತಾಡ್ತೀನಿ, ಊಟ ಮಾಡಿಕೊಂಡೇ ಬರ್ತೀನಿ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನಿಮ್ಮಲ್ಲಿ ಪಕ್ಷಪಾತ ಇಲ್ಲ, ಸ್ತೋತ್ರ. ಭಯದಿಂದ ಎದ್ದು ಹೋಗೋ ನಮ್ಮ ಕಾಲುಗಳನ್ನ ನಿಲ್ಲಿಸಿ. ನಿಮ್ಮ ಹೆಸರು ಹೇಳಿ ತಳ್ಳಲ್ಪಟ್ಟ ಪ್ರತಿಯೊಬ್ಬ ಮಗನನ್ನೂ ಮಗಳನ್ನೂ ಈ ದಿನ ನೀವೇ ಹತ್ತಿರ ಕರೆದು ಕೂರಿಸಿಕೊಳ್ಳಿ. ನಿಮ್ಮ ಮೇಜಿನಲ್ಲಿ ಒಂದೇ ರೊಟ್ಟಿ ಮುರಿಯೋ ನಾವು ನಮ್ಮ ಮನೆಗಳಲ್ಲೂ ಒಂದೇ ಪಂಕ್ತಿಯಲ್ಲಿ ಕೂರೋ ಹಾಗೆ ಧೈರ್ಯ ಕೊಡಿ. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.